ಮನೆ ಕಟ್ಟುವ ಶ್ರಮದಾನದಲ್ಲಿ ಅನುಭವವಿಲ್ಲದವರು ಏನು ಮಾಡಬಹುದು?

ಪ್ರಶ್ನೆ:
ನಮ್ಮ ಊರಿನ ಗುಡಿಸಲುವಾಸಿಗಳಾದ ಎರಡು ಕುಟುಂಬಗಳಿಗೆ ಬೇಸಿಗೆಯಲ್ಲಿ ಶ್ರಮದಾನದಿಂದ ಮನೆ ಕಟ್ಟಿಕೊಡಲು ಯುವಕ ಸಂಘದವರು ನಿರ್ಧರಿಸಿದ್ದೇವೆ. ನಮ್ಮಲ್ಲಿ ಯಾರಿಗೂ ಗಾರೆ ಕೆಲಸ ಬಾರದು. ನಮ್ಮ ದುಡಿಮೆಯಿಂದ ಖರ್ಚು ನಿಜಕ್ಕೂ ಇಳಿಯುವುದೇ?

ಉತ್ತರ 1:
ಕೆಲಸವನ್ನು ಸರಿಯಾಗಿ ಆರಿಸಿಕೊಂಡರೆ ಖಂಡಿತ ಇಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆಯ ವಿಧಾನವನ್ನು ನೋಡಿ. ಮಣ್ಣನ್ನು ಜರಡಿ ಹಿಡಿದು, ಅಗತ್ಯವಿದ್ದರೆ ಮರಳು ಸೇರಿಸಿ, ಶೇ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರಗಳಷ್ಟು ಕಾಲ ತೇವ ಆರದಂತೆ ಕಾಪಾಡುವ ಈ ಕೆಲಸವನ್ನು ಒಂದು ದಿನದ ತರಬೇತಿ ಪಡೆದವರೂ ಮಾಡಬಲ್ಲರು. ಭಟ್ಟಿಯಲ್ಲಿ ಸುಡುವ ಸೌದೆಯೂ ಉಳಿಯುತ್ತದೆ. ನಮ್ಮ ತಂಡವು ಮೊದಲ ಬಾರಿ ಗೋಣಿಚೀಲ ಹೊದಿಸಲು ಮರೆತು ಒಂದು ಸಾಲು ಇಟ್ಟಿಗೆಯನ್ನೇ ಕಳೆದುಕೊಂಡಿತು, ಆದ್ದರಿಂದ ನೀರುಣಿಸುವ ಹೊಣೆಯನ್ನು ಒಬ್ಬರಿಗೇ ವಹಿಸಿ.

ಉತ್ತರ 2:
ಪಾಯ, ಮೂಲೆಗಲ್ಲು, ತಾರಸಿ ಇವು ಮೇಸ್ತ್ರಿಯ ಕೈಯಲ್ಲೇ ಇರಲಿ.

ಉತ್ತರ 3:
ಆ ಕುಟುಂಬಗಳನ್ನೂ ಕೆಲಸದಲ್ಲಿ ಸೇರಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ. ಅಮೆರಿಕದ ಜಾರ್ಜಿಯಾದಲ್ಲಿ 1976ರಲ್ಲಿ ಹುಟ್ಟಿದ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ ಸಂಸ್ಥೆಯು ಮನೆ ಪಡೆಯುವವರೂ ತಮ್ಮ ಬೆವರನ್ನು ಪಾಲಾಗಿ ಕೊಡಬೇಕೆಂಬ ನಿಯಮವನ್ನು ಪಾಲಿಸುತ್ತದೆ. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಈ ಸಂಸ್ಥೆಯ ಪರವಾಗಿ ಮಹಾರಾಷ್ಟ್ರದ ಲೋಣಾವಳದ ಬಳಿ ಸ್ವಯಂಸೇವಕರೊಂದಿಗೆ ಇಟ್ಟಿಗೆ ಜೋಡಿಸಿದಾಗಲೂ ಮನೆಯವರು ಜೊತೆಗೆ ದುಡಿದರು. ಗೋಡೆ ಕಟ್ಟಿದವರಿಗೆ ಮುಂದೆ ಅದರ ಬಿರುಕು ಮುಚ್ಚುವುದೂ ತಿಳಿದಿರುತ್ತದೆ.