ಅಡಿಕೆ ತೋಟದಲ್ಲಿ ವೆನಿಲ್ಲಾ ನೆಡಬಹುದೇ? ಬೆಳೆದವರ ಅನುಭವ

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮಗೆ ಇಪ್ಪತ್ತು ಗುಂಟೆ ಅಡಿಕೆ ತೋಟವಿದೆ. ಮನೆಯಲ್ಲಿ ದುಡಿಯುವವರು ಇಬ್ಬರೇ. ಉಪಬೆಳೆಯಾಗಿ ಇನ್ನೂರು ವೆನಿಲ್ಲಾ ಬಳ್ಳಿ ನೆಡುವ ಯೋಚನೆಯಿದೆ. ಹಿಂದೆ ಬೆಳೆದವರು ದಯವಿಟ್ಟು ತಿಳಿಸಿ.

ಉತ್ತರ, ಶಿರಸಿಯ ಹಿರಿಯ ಕೃಷಿಕರಿಂದ: ನಾನು 2002ರಲ್ಲಿ ಸಾಲ ಮಾಡಿ ನೂರೈವತ್ತು ಬಳ್ಳಿ ನೆಟ್ಟವನು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಫಸಲು ಹಾಳಾದ ಮೇಲೆ ಬೆಲೆ ಏರುತ್ತಾ ಹೋಗಿ, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಆದರೆ ಬಳ್ಳಿ ಹೂ ಬಿಡುವುದು ಮೂರನೆಯ ವರ್ಷಕ್ಕೆ, ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ಬೆಲೆ ನೋಡಿ ನೆಟ್ಟ ನನ್ನಂಥವರ ಕೋಡು ತಕ್ಕಡಿಗೆ ಬರುವಷ್ಟರಲ್ಲಿ ದರ ನೂರು ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ನಮ್ಮ ಕೇರಿಯಲ್ಲಿ ದುಡ್ಡು ಕಂಡವರು ಮೊದಲೇ ಬಳ್ಳಿ ಬೆಳೆಸಿದ್ದು, ಅದನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಮಾರಿದವರು. ಆ ದುಡ್ಡು ನಮ್ಮಂಥವರು ತೆಗೆದ ಸಾಲದಿಂದಲೇ ಹೋದದ್ದು.

ದುಡಿಮೆಯ ಮಾತು ಇನ್ನೂ ಮುಖ್ಯ. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಪರಾಗ ಮುಟ್ಟಿಸುವ ಹುಳ ನಮ್ಮಲ್ಲಿಲ್ಲ. ನನ್ನ ಹೆಂಡತಿ ತೆಂಗಿನ ಗರಿಯ ಕಡ್ಡಿಯನ್ನು ಚೂಪು ಮಾಡಿಕೊಂಡು, ಎಡಗೈಯಲ್ಲಿ ಹೂ ಹಿಡಿದು, ಒಳಗಿನ ತೆಳುಪೊರೆಯನ್ನು ಕಡ್ಡಿಯಿಂದ ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ಒಂದೊಂದು ಹೂವಿಗೂ ಇಷ್ಟು ಕೆಲಸ. ಹೂವಿನ ಕಾಲದಲ್ಲಿ ಅವಳ ತಿಂಡಿ ಹನ್ನೊಂದು ಗಂಟೆಗೆ ಮೊದಲು ಆದದ್ದೇ ಇಲ್ಲ. ಆ ಕೂಲಿಯನ್ನು ನಾನು ಖರ್ಚಿನ ಲೆಕ್ಕದಲ್ಲಿ ಬರೆಯಲಿಲ್ಲ. ಅದು ನನ್ನ ತಪ್ಪು. ನೀವು ಬರೆಯಿರಿ. ಬರೆದರೆ ಇಬ್ಬರ ಮನೆಗೆ ನಲವತ್ತು ಬಳ್ಳಿಯೇ ಸಾಕೆಂದು ನಿಮಗೇ ತಿಳಿಯುತ್ತದೆ.

ಉತ್ತರ, ಕುಮಟಾದಿಂದ: ಮೇಲಿನ ಹಿರಿಯರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ದರ ಏರಿದ್ದ ವರ್ಷ ಕಳ್ಳತನದ ಭಯದಿಂದ ನಾವು ರಾತ್ರಿ ತೋಟ ಕಾದೆವು. ಕೊನೆಗೆ ಕಾಯಲಾರದೆ ಎಳೆಯ ಕೋಡನ್ನೇ ಕೊಯ್ದೆವು. ಎಳೆಯದರಲ್ಲಿ ಪರಿಮಳ ಕೂಡುವುದಿಲ್ಲವಾದ್ದರಿಂದ ಕೊಳ್ಳುವವರು ಹೇಳಿದ್ದೇ ದರವಾಯಿತು. ಬಲಿತ ಕೋಡನ್ನು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸಿ ಹದ ಮಾಡಬೇಕು. ಇದಕ್ಕೆ ತಿಂಗಳುಗಟ್ಟಲೆ ಬೇಕು, ಆರೇಳು ಕಿಲೋ ಹಸಿ ಕೋಡಿಗೆ ಸಿಗುವುದು ಒಂದು ಕಿಲೋ. ಕರಾವಳಿಯ ತೇವದ ಹವೆಯಲ್ಲಿ ನಮ್ಮ ಮೊದಲ ವರ್ಷದ ಪೆಟ್ಟಿಗೆಯೊಂದು ಪೂರ್ತಿ ಬೂಸ್ಟು ಹಿಡಿದು ಹೋಯಿತು. ಸಂಸ್ಕರಿಸುವವರು ಯಾರು, ಕೊಳ್ಳುವವರು ಯಾರು ಎಂಬುದು ಖಚಿತವಾಗದೆ ಒಂದು ಬಳ್ಳಿಯನ್ನೂ ನೆಡಬೇಡಿ.

ಉತ್ತರ, ಸಿದ್ದಾಪುರದಿಂದ: ಕಾಳುಮೆಣಸಿಗೆ ಶಿರಸಿ ಪೇಟೆಯಲ್ಲಿ ಟೆಂಡರ್ ನಡೆಯುತ್ತದೆ, ಒಣಗಿಸಿ ಚೀಲ ಕಟ್ಟಿದರೆ ದರ ಬರುವತನಕ ಇಟ್ಟುಕೊಳ್ಳಬಹುದು. ಮರದ ಆಸರೆ ಮೊದಲು ಅದಕ್ಕಿರಲಿ. ವೆನಿಲ್ಲಾ ನೆಡುವುದೇ ಆದರೆ ಬಳ್ಳಿಗೆ ದುಡ್ಡು ಸುರಿಯಬೇಡಿ. ಬೇರು ಕೊಳೆಯುವ ರೋಗಕ್ಕೂ ನಮ್ಮ ಅಲಕ್ಷ್ಯಕ್ಕೂ ಸಿಕ್ಕಿ ಬದುಕಿದ ಹಳೆಯ ಬಳ್ಳಿಗಳು ನಮ್ಮ ಗ್ಲಿರಿಸಿಡಿಯಾ ಮರಗಳ ಮೇಲೆ ಇನ್ನೂ ಆರೇಳು ಇವೆ. ಬಂದರೆ ತುಂಡು ಮಾಡಿ ಕೊಡುತ್ತೇನೆ.