ಪ್ರಶ್ನೋತ್ತರ: ಗಣೇಶಗುಡಿ ಕಯಾಕಿಂಗ್, ನಮ್ಮ ಫೋಟೋ ಹೆಂಗ ತಗಿಸಿಕೊಳ್ಳೋದು?

ಅಡ್ಮಿನ್: ಇವತ್ತ ಫೋಟೋಗ್ರಾಫರ್ ಸರ್ ಉತ್ತರ ಕೊಡ್ತಾರ. ಕಾಳಿ ನದಿಗೆ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಒಯ್ಯೋರು ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಗದಗ: ಸರ, ಹೆಲ್ಮೆಟ್ಟಿಗೆ ಗೋಪ್ರೊ (ಸಣ್ಣ ಕ್ಯಾಮೆರಾ) ಹಾಕಿದ್ರ ಬರೇ ಕಯಾಕಿನ ಮೂತಿ ಬರತೈತಿ. ದೊಡ್ಡ ರ್‍ಯಾಪಿಡ್ (ನೊರಿ ಎದ್ದು ನುಗ್ಗೋ ಸೆಳವು) ಸುದ್ದಾ ಗಟಾರದ ನೀರಿನಂಗ ಕಾಣತೈತಿ.

ಫೋಟೋಗ್ರಾಫರ್: ಅಗಲ ಲೆನ್ಸ್ ಅಲೆ ಎತ್ತರ ತಿಂತೈತಿ. ಕ್ಯಾಮೆರಾ ಕಯಾಕಿನ ಮೂತಿ ಮ್ಯಾಲೆ, ನಿಮ್ಮ ಕಡೆ ಮುಖ ಮಾಡಿ ಕೂಡಸ್ರಿ. ಕಯಾಕಿನ ಪ್ಲಾಸ್ಟಿಕ್ಕಿಗೆ ಅಂಟು ಸುಮ್ನ ಹಿಡಿಯೂದಿಲ್ಲ. ಸ್ಪಿರಿಟ್ ಹಚ್ಚಿ ಒರಸಿ, ಒಣಗಿಸಿ ಹಚ್ಚರಿ, 24 ತಾಸು ನೀರ ಮುಟ್ಟಿಸಬ್ಯಾಡ್ರಿ. ಟೈಮ್‌ಲ್ಯಾಪ್ಸ್ ಅರ್ಧ ಸೆಕೆಂಡಿಗೊಂದು ಇಡ್ರಿ, ಕ್ಯಾಮೆರಾ ತಾನ ಫೋಟೋ ತಗೀತೈತಿ.

ಧಾರವಾಡ: ಕ್ಯಾಮೆರಾ ಬೀಳಬಾರದಂತ ದಾರಾ ಹಾಕಿ ಲೈಫ್ ಜಾಕೆಟ್ಟಿಗೆ ಕಟ್ಟಲೇನ್ರೀ?

ಫೋಟೋಗ್ರಾಫರ್: ಬ್ಯಾಡ. ಮಗುಚಿದಾಗ ದಾರಾ ಬಂಡಿಗಲ್ಲಿಗೆ ಸಿಕ್ಕರ ನೀವೂ ಸಿಕ್ಕೊಂತೀರಿ. ಕಟ್ಟೋದಾದ್ರ ಕಯಾಕಿಗೆ, ಗೇಣಿಗಿಂತ ಗಿಡ್ಡ.

ಹಾವೇರಿ: ನಾಳಿದ್ದ ನಾವಿಬ್ಬರ ಹೊಂಟೀವಿ. ನಮ್ಮ ತಮ್ಮ 70-200 ಲೆನ್ಸ್ (ದೂರದ್ದ ಹತ್ರ ತರೋ ಜೂಮ್) ಹಿಡಕೊಂಡು ನಡು ಹೊಳ್ಯಾಗಿನ ಬಂಡಿ ಮ್ಯಾಲೆ ನಿಂತು ತಗೀತಾನ. ಮುಂಜಾನೆ ಅಲ್ಲಿ ಮೊಣಕಾಲಮಟ ನೀರ. ಸೆಟ್ಟಿಂಗ್ ಹೇಳ್ರಿ.

ಫೋಟೋಗ್ರಾಫರ್: ಸೆಟ್ಟಿಂಗ್ ಆಮ್ಯಾಲೆ. ಆ ಬಂಡಿ ಮ್ಯಾಲೆ ತಮ್ಮನ್ನ ನಿಲ್ಲಿಸಬ್ಯಾಡ್ರಿ.

ಅದು ಸೂಪಾ ಡ್ಯಾಮಿನ ಕೆಳಗಿನ ಹೊಳಿ. ಪವರ್‌ಹೌಸಿನ್ಯಾಗ 50 ಮೆಗಾವಾಟಿನ ಎರಡು ಘಟಕ ಅದಾವು. ಅವು ತಿರುಗಿದ್ರ ಮೋಡ ಇಲ್ಲದನ ನೀರ ಏರತೈತಿ. ಮೊಣಕಾಲಮಟ ಇದ್ದದ್ದು ತೊಡಿಮಟ ಬಂದ್ರ ಕುತ್ತಿಗ್ಯಾಗ ಕ್ಯಾಮೆರಾ ಇದ್ದಾಂವ ದಾಟಾಕ ಆಗೂದಿಲ್ಲ. ಸೆಳವಿನ್ಯಾಗ ಕಾಲು ಬಂಡಿ ಸಂದ್ಯಾಗ ಸಿಕ್ಕಿತಂದ್ರ ನೀರ ಬೆನ್ನಿಗೆ ದೂಡಿ ಮಲಗಿಸಿಬಿಡತೈತಿ, ಏಳಾಕ ಬರೂದಿಲ್ಲ. ಇನ್ನ, ಇಬ್ಬರ ಹೋದ್ರ, ನೀವು ಮಗುಚಿದಾಗ ನಿಮಗ ಹಗ್ಗ ಎಸಿಯಾಂವನೂ ಅವನ. ಕಣ್ಣು ಕ್ಯಾಮೆರಾದಾಗ ಇದ್ರ ಹಗ್ಗ ಯಾರ ಎಸೀತಾರ? ಮೂರನೇದಾಂವ ಬೇಕ. ನೀರ ಬಿಡೋ ಹೊತ್ತು ಅಲ್ಲಿನ ರಾಫ್ಟಿಂಗ್ ಗೈಡುಗಳನ್ನ ಕೇಳ್ಕೊಳ್ರಿ.

ತಮ್ಮ ದಂಡಿ ಮ್ಯಾಲೆ, ರ್‍ಯಾಪಿಡ್ಡಿನ ಕೆಳಗ, 20-25 ಮೀಟರ್ ದೂರ ಕುಕ್ಕರಗಾಲಿಲೆ ಕುಂದರ್ಲಿ. ನಿಂತು ತಗದ್ರ ಅಲೆ ಚಪ್ಪಟಿ ಆಗತಾವ. ಶಟರ್ 1/1000, ಒಂದೊಂದ ಹನಿ ಬೇಕಂದ್ರ 1/1600. ಎಫ್ 5.6. ಐಎಸ್‌ಒ ಆಟೊ, ಮಿತಿ 3200. ಹಿಂದ ಕರಿ ಕಾಡು ಇದ್ದಾಗ ಕ್ಯಾಮೆರಾ ಕಾಡು ನೋಡಿ ನೊರಿ ಸುಡತೈತಿ (ಬರೇ ಬೆಳ್ಳಗ ಮಾಡತೈತಿ), ಎಕ್ಸ್‌ಪೋಜರ್ ಮೈನಸ್ 0.7 ಇಡ್ರಿ. ರಾ (ಕ್ಯಾಮೆರಾದ ಕಚ್ಚಾ) ಫೈಲಿನ್ಯಾಗ ಕಪ್ಪಾದ ಮುಖ ಬೆಳಗಿಸಬಹುದು, ಸುಟ್ಟ ನೊರಿ ವಾಪಸ್ ಬರೂದಿಲ್ಲ. ಫೋಕಸ್ ಹೆಲ್ಮೆಟ್ಟಿನ ಮ್ಯಾಲೆ, ಇಲ್ಲಾಂದ್ರ ಮುಂದಿನ ಹನಿ ಹಿಡೀತೈತಿ. ಕಯಾಕಿನ ಮೂತಿ ನೊರಿಯಿಂದ ಹೊರಬರೋಕಿಂತ ಮದ್ಲನ ಬಟನ್ ಒತ್ತಿ ಹಿಡೀಬೇಕ. ನೀವು ಕೆಂಪು ಇಲ್ಲಾ ಹಳದಿ ಜಾಕೆಟ್ ಹಾಕ್ರಿ. ಹಸರು, ನೀಲಿ ಅಲ್ಲಿ ಕಾಣೂದಿಲ್ಲ.

ಹಾವೇರಿ: ತಮ್ಮ ತುಂಗಭದ್ರಾದಾಗ ಈಜಾಡಿದಾಂವ ಅದಾನ್ರೀ ಸರ.

ಫೋಟೋಗ್ರಾಫರ್: ಕಾಲು ಸಿಕ್ಕೊಂಡ್ರ ಈಜು ಏನ್ ಮಾಡತೈತಿ? ದಂಡಿ ಮ್ಯಾಲೆ ಅಂದೆ.

ನವಲಗುಂದ: ಸೆಕೆಂಡ್ ಹ್ಯಾಂಡ್ 70-200 ಹುಬ್ಬಳ್ಳ್ಯಾಗ ಎಲ್ಲಿ ಸಿಗತೈತ್ರಿ?

ರಾಣೆಬೆನ್ನೂರು: ಹಿಂಗ ಮೆಸೇಜ್ ಬಂದೈತಿ: "ಲೆನ್ಸಿಗೆ ಟೂತ್‌ಪೇಸ್ಟ್ ತಿಕ್ಕಿದರೆ ನೀರ ಹನಿ ನಿಲ್ಲುವುದಿಲ್ಲ. ಫೋನ್ ತೊಯ್ದರೆ ಅಕ್ಕಿಯಲ್ಲಿಡಿ." ಖರೇ ಏನ್ರೀ?

ಫೋಟೋಗ್ರಾಫರ್: ಟೂತ್‌ಪೇಸ್ಟಿನ್ಯಾಗ ತಿಕ್ಕೋ ಪುಡಿ ಇರತೈತಿ, ಲೆನ್ಸಿನ ಲೇಪ ಕೀಳತೈತಿ. ಗೋಪ್ರೊ ಗಾಜು ನಾಲಿಗಿಲೆ ನೆಕ್ಕಿ ನೀರಾಗ ಅದ್ದರಿ, ಹನಿ ಗಟ್ಟೂದಿಲ್ಲ. ಅಕ್ಕಿ ಅನ್ನ ಮಾಡಾಕ. ಅಕ್ಕಿ ನುಚ್ಚು ಫೋನ್ ಕೆಡಸಬಹುದಂತ ಆಪಲ್ಲಿನವರ ಬ್ಯಾಡ ಅಂದಾರ.

ಹುಬ್ಬಳ್ಳಿ: ಇಷ್ಟೆಲ್ಲಾ ಯಾಕ? ಡ್ರೋನ್ ಹಾರಸ್ರಿ. 250 ಗ್ರಾಮಿನ ಒಳಗಿದ್ರ ಲೈಸೆನ್ಸ್ ಬೇಕಿಲ್ಲ.

ಧಾರವಾಡ: ಪೈಲಟ್ ಲೈಸೆನ್ಸ್ ಬೇಕಿಲ್ಲ ಅಷ್ಟ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಐತಿ, ಅರಣ್ಯ ಇಲಾಖಿ ಅನುಮತಿ ಬ್ಯಾರೆ.

ಹುಬ್ಬಳ್ಳಿ: ಹುಲಿ ಬಂದು ಲೈಸೆನ್ಸ್ ಕೇಳತೈತೇನ? ನೀವು ಧಾರವಾಡದವ್ರು ಎಲ್ಲಾಕೂ ಕಾನೂನು ತರ್ತೀರಿ.

ಧಾರವಾಡ: ಕೇಸ್ ಬಿದ್ದಾಗ ವಕೀಲರು ನಮ್ಮೂರವರ ಬೇಕಾಗತಾರ, ನೆನಪಿರ್ಲಿ.

ಅಡ್ಮಿನ್: ಊರ ಜಗಳ ಪ್ರೈವೇಟಿನ್ಯಾಗ.

ಲಕ್ಷ್ಮೇಶ್ವರ: ನನ್ನ ಫೋನ್ ಐಪಿ68 (ನೀರು, ಧೂಳು ತಡಿಯೋ ದರ್ಜೆ). ನೀರಾಗ ಸೀದಾ ಒಯ್ಯಬಹುದಲ್ಲ?

ಫೋಟೋಗ್ರಾಫರ್: ಆ ಪರೀಕ್ಷೆ ನಿಂತ ನೀರಿಂದು, ಬಡಿಯೋ ನೀರಿಂದಲ್ಲ. ಒಯ್ಯಬ್ಯಾಡ್ರಿ.

ಶಿಗ್ಗಾಂವಿ: ಹೆಲ್ಮೆಟ್ ಮ್ಯಾಲೆ ಹಾಕಿದ್ರ ಹೆಂಗ ಬರತೈತ್ರಿ ಸರ?

ಫೋಟೋಗ್ರಾಫರ್: ಮ್ಯಾಲೆ ಓದ್ರಿ.

ನವಲಗುಂದ: 70-200 ಕೇಳಿದ್ನೆಲ್ರಿ?

ರಾಣೆಬೆನ್ನೂರು: ಸರ, ಅಕ್ಕಿ ಬದಲಿ ರವಾ ನಡೀತದೇನ್ರೀ?

ಫೋಟೋಗ್ರಾಫರ್: ಅಡ್ಮಿನ್, ಇವರನ್ನ ನೀವ ನೋಡ್ಕೋರಿ.