ಫುಲ್ ಸಿಸ್ಟಂ, ಹೊಸ ಏರ್ ಫಿಲ್ಟರ್ ಹಾಕಿದ ಮೇಲೆ ಜರ್ಕ್: ಮ್ಯಾಪ್ ಮುಟ್ಟುವ ಮುಂಚೆ ನೋಡಬೇಕಾದ್ದು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಟ್ವಿನ್ ಸಿಲಿಂಡರ್ ಬೈಕಿಗೆ ಕ್ಯಾಟ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಫುಲ್ ಸಿಸ್ಟಂ ಎಕ್ಸಾಸ್ಟ್, ಅಂದರೆ ಇಂಜಿನ್‌ನಿಂದ ಸೈಲೆನ್ಸರ್‌ವರೆಗೆ ಪೂರ್ತಿ ಹೊಸ ಪೈಪ್, ಜೊತೆಗೆ ಹೆಚ್ಚು ಗಾಳಿ ಬಿಡುವ ಏರ್ ಫಿಲ್ಟರ್ ಹಾಕಿಸಿದ್ದೀರಿ. ಆಮೇಲಿಂದ ನಿಧಾನಕ್ಕೆ ಹೋಗುವಾಗ ಬೈಕ್ ಜರ್ಕ್ ಹೊಡೆಯುತ್ತದೆ, ಥ್ರಾಟಲ್ ಬಿಟ್ಟರೆ ಸೈಲೆನ್ಸರ್ ಪಟಪಟ ಅನ್ನುತ್ತದೆ. ಒಬ್ಬರು ‘ಇಸಿಯು ತಾನೇ ಕಲಿತುಕೊಳ್ಳುತ್ತೆ, ಓಡಿಸ್ತಾ ಇರಿ’ ಅಂದರು, ಇನ್ನೊಬ್ಬರು ‘ಪಿಗ್ಗಿಬ್ಯಾಕ್ ಹಾಕಿಸಿ, ಸರಿಹೋಗುತ್ತೆ’ ಅಂದರು. ಇಸಿಯು ಅಂದರೆ ಇಂಜಿನ್ ನಿಯಂತ್ರಿಸುವ ಬೈಕಿನ ಕಂಪ್ಯೂಟರ್, ಪಿಗ್ಗಿಬ್ಯಾಕ್ ಅಂದರೆ ಅದರ ಸಿಗ್ನಲ್ ತಿದ್ದಿ ಪೆಟ್ರೋಲ್ ಬದಲಿಸುವ ಪ್ರತ್ಯೇಕ ಪೆಟ್ಟಿಗೆ. ಎರಡೂ ಮಾತಿನಲ್ಲಿ ಅರ್ಧ ಸತ್ಯ ಇದೆ.

ಇಸಿಯು ಕಲಿಯುವುದಕ್ಕೆ ಮಿತಿ ಇದೆ. ಒಳಗೆ ಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಹೆಚ್ಚಿನ ಬೈಕುಗಳಲ್ಲಿ ಇರುವುದಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಇನ್‌ಟೇಕ್ ಒತ್ತಡ ಎಷ್ಟು ಅಂತ ನೋಡಿ, ಕಂಪನಿ ಬರೆದಿಟ್ಟ ಟೇಬಲ್ (ಇದೇ ಮ್ಯಾಪ್) ಪ್ರಕಾರ ಇಸಿಯು ಪೆಟ್ರೋಲ್ ಬಿಡುತ್ತದೆ. ಆ ಟೇಬಲ್ ಬರೆದದ್ದು ಹಳೆಯ ಸೈಲೆನ್ಸರ್, ಹಳೆಯ ಫಿಲ್ಟರಿಗೆ. ಒಂದೇ ವೇಗದಲ್ಲಿ ಹಗುರವಾಗಿ ಹೋಗುವಾಗ ಮಾತ್ರ ಎಕ್ಸಾಸ್ಟ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ತಿದ್ದಿಕೊಳ್ಳುತ್ತದೆ. ಅದೂ ನ್ಯಾರೋಬ್ಯಾಂಡ್ ಸೆನ್ಸರ್: 0.45 ವೋಲ್ಟ್ ಆಸುಪಾಸಿನಲ್ಲಿ ಆ ಕಡೆ ಈ ಕಡೆ ಹೊರಳಿ ಲೀನೋ (ಪೆಟ್ರೋಲ್ ಕಡಿಮೆ) ರಿಚ್ಚೋ (ಪೆಟ್ರೋಲ್ ಹೆಚ್ಚು) ಅಂತ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಜೋರಾಗಿ ಥ್ರಾಟಲ್ ತಿರುಗಿಸಿದರೆ ಇಸಿಯು ಸೆನ್ಸರನ್ನು ಬಿಟ್ಟು ಟೇಬಲನ್ನೇ ನಂಬುತ್ತದೆ.

ಹಾಗಂತ ಇವತ್ತೇ ಮ್ಯಾಪ್ ಬದಲಿಸಲು ಹೋಗಬೇಡಿ. ಮೊದಲು ಲೀಕ್ ನೋಡಿ. ಬೆಂಡ್ ಪೈಪ್ ಸಿಲಿಂಡರ್ ಹೆಡ್ಡಿಗೆ ಕೂರುವ ಜಾಗದಲ್ಲಿ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ, ಎಕ್ಸಾಸ್ಟ್ ಒತ್ತಡ ಏರಿಳಿಯುವ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿ ನೋಡಿ ಲೀನ್ ಅನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ರೀಡಿಂಗ್ ಲೀನ್, ಇಂಜಿನ್ ಮಾತ್ರ ರಿಚ್! ಇಂಥ ಬೈಕನ್ನು ಎಷ್ಟು ಟ್ಯೂನ್ ಮಾಡಿದರೂ ಸುಳ್ಳು ಲೆಕ್ಕವೇ ಬರುತ್ತದೆ. ಟಾರ್ಚ್ ಹಿಡಿದು ಆ ಜಾಯಿಂಟ್ ನೋಡಿ, ಲೀಕ್ ಇದ್ದರೆ ಸಾಮಾನ್ಯವಾಗಿ ಕಪ್ಪು ಮಸಿಯ ಗೆರೆ ಬಿದ್ದಿರುತ್ತದೆ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಿದ್ದರೆ ಹೊಸದು ಹಾಕಿಸಿ, ಇಂಜಿನ್ ಒಮ್ಮೆ ಕಾದು ಪೂರ್ತಿ ತಣ್ಣಗಾದ ಮೇಲೆ ನಟ್ ಟಾರ್ಕ್ ಪರೀಕ್ಷಿಸಿ. ಫಿಲ್ಟರ್ ಹಾಕುವಾಗ ಬಿಚ್ಚಿದ ರಬ್ಬರ್ ಬೂಟ್, ಕ್ಲಾಂಪ್, ವ್ಯಾಕ್ಯೂಮ್ ಹೋಸ್ ಕೂಡ ನೋಡಿಬಿಡಿ. ಥ್ರಾಟಲ್ ಬಾಡಿ ಸಿಂಕ್ (ಎರಡೂ ಸಿಲಿಂಡರಿಗೆ ಸಮನಾಗಿ ಗಾಳಿ ಹೋಗುವ ಹೊಂದಾಣಿಕೆ) ತಪ್ಪಿದ್ದರೂ ಟ್ವಿನ್ ಬೈಕ್ ಕಡಿಮೆ ವೇಗದಲ್ಲಿ ಇದೇ ಥರ ಆಡುತ್ತದೆ.

ಪಟಪಟ ಶಬ್ದ ಒಂದನ್ನೇ ಕೇಳಿ ಲೀನ್ ಅಂತ ತೀರ್ಮಾನಿಸಬೇಡಿ. ಹೊಗೆಯ ವಿಷ ಕಡಿಮೆ ಮಾಡಲು ಎಕ್ಸಾಸ್ಟ್ ಪೋರ್ಟಿಗೆ ತಾಜಾ ಗಾಳಿ ಬಿಡುವ ಪೇರ್ ವಾಲ್ವ್ ಅನೇಕ ಬೈಕುಗಳಲ್ಲಿದೆ. ಉರಿಯದೆ ಉಳಿದ ಪೆಟ್ರೋಲ್ ಆ ಗಾಳಿ ಸಿಕ್ಕಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಕ್ಯಾಟ್ ಇಲ್ಲದ ಪೈಪಿನಲ್ಲಿ ಅದು ಜೋರಾಗಿ ಕೇಳುತ್ತದೆ, ಅಷ್ಟೆ.

ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲೆ ಎಷ್ಟು ಲೀನ್, ಎಷ್ಟು ರಿಚ್ ಅಂತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಲಾಗ್ ತೆಗೆಯಿರಿ. ಆರ್‌ಪಿಎಂ, ಥ್ರಾಟಲ್, ಮಿಕ್ಸ್ಚರ್ ಮೂರೂ ಒಟ್ಟಿಗೆ ದಾಖಲಾಗಬೇಕು. ಸೆನ್ಸರ್ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ, ಇಲ್ಲದಿದ್ದರೆ ಪೈಪಿನ ನೀರು ನಿಂತು ಹಾಳಾಗುತ್ತದೆ. ಶುದ್ಧ ಪೆಟ್ರೋಲಿಗೆ ಪೂರ್ಣ ದಹನದ ಗಾಳಿ-ಪೆಟ್ರೋಲ್ ಅನುಪಾತ (ತೂಕದ ಲೆಕ್ಕ) 14.7, ಶೇ. 10 ಎಥೆನಾಲ್ ಬೆರೆತರೆ ಸುಮಾರು 14.1. ಈ ಗೊಂದಲ ಬೇಡವಾದರೆ ಲ್ಯಾಂಬ್ಡಾದಲ್ಲಿ ಓದಿ (1 ಅಂದರೆ ಪೂರ್ಣ ದಹನದ ಅನುಪಾತ, ಅದಕ್ಕಿಂತ ಕಡಿಮೆ ಅಂದರೆ ರಿಚ್): ಪೂರ್ತಿ ಥ್ರಾಟಲ್‌ಗೆ 0.87ರಿಂದ 0.90 ಒಳ್ಳೆಯ ಗುರಿ, ಹಗುರ ಓಟಕ್ಕೆ 1ರ ಹತ್ತಿರ ಇರಲಿ, ಜರ್ಕ್ ಬಂದಲ್ಲಿ 0.95ರವರೆಗೆ ಇಳಿಸಿ ನೋಡಿ. ಥ್ರಾಟಲ್ ಪೂರ್ತಿ ಬಿಟ್ಟಾಗ ಲಾಗ್ ವಿಪರೀತ ಲೀನ್ ತೋರಿಸುತ್ತದೆ. ಆಗ ಇಸಿಯು ಪೆಟ್ರೋಲನ್ನೇ ನಿಲ್ಲಿಸಿರುತ್ತದೆ, ಬರೀ ಗಾಳಿಯ ರೀಡಿಂಗ್ ಅದು. ಅದನ್ನು ನೋಡಿ ಟೇಬಲಿನ 0 ಶೇಕಡಾ ಥ್ರಾಟಲ್ ಕಾಲಂಗೆ ಪೆಟ್ರೋಲ್ ಸುರಿಯಬೇಡಿ.

ಪಿಗ್ಗಿಬ್ಯಾಕ್ ಹಾಕುವುದಾದರೆ ಒಂದು ವಿಷಯ ಮೊದಲೇ ಕೇಳಿ: ಕಂಪನಿಯ ಆಕ್ಸಿಜನ್ ಸೆನ್ಸರನ್ನು ಏನು ಮಾಡುತ್ತೀರಿ? ಅದು ಹಾಗೇ ಇದ್ದರೆ ಹಗುರ ಥ್ರಾಟಲ್‌ನಲ್ಲಿ ನೀವು ಸೇರಿಸಿದ ಪೆಟ್ರೋಲನ್ನು ಇಸಿಯು ವಾಪಸ್ ಕಳೆಯುತ್ತದೆ. ಅದಕ್ಕೇ ಕೆಲವು ಕಿಟ್‌ಗಳ ಜೊತೆ ಸೆನ್ಸರ್ ಸಿಗ್ನಲ್ ಬದಲಿಸುವ ಮಾಡ್ಯೂಲ್ ಬರುತ್ತದೆ. ನಿಮ್ಮ ಮಾಡೆಲ್‌ಗೆ ಇಸಿಯು ಫ್ಲ್ಯಾಶ್ (ಒಳಗಿನ ಮ್ಯಾಪನ್ನೇ ಹೊಸದಾಗಿ ಬರೆಯುವುದು) ಸಿಗುವುದಾದರೆ ನಾನು ಅದನ್ನೇ ಹೇಳುತ್ತೇನೆ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಕೈಗೆ ಸಿಗುತ್ತದೆ.

ಡೈನೋದಲ್ಲಿ (ಪವರ್ ಅಳೆಯುವ ಯಂತ್ರ) ಕೊನೆಗೆ ಬರುವ ಹಾರ್ಸ್‌ಪವರ್ ಅಂಕಿಗೆ ಮರುಳಾಗಬೇಡಿ. ನಾವು ಬೈಕ್ ಓಡಿಸುವುದು ಬಹುಪಾಲು 20 ಶೇಕಡಾ ಥ್ರಾಟಲ್‌ನೊಳಗೆ. ಪವರ್ ಕಮಾಂಡರ್ 5 ಎಂಬ ಪಿಗ್ಗಿಬ್ಯಾಕಿನ ಟೇಬಲ್‌ನಲ್ಲಿ 2, 5, 10, 20 ಅಂತ ಸಣ್ಣ ಸಣ್ಣ ಕಾಲಂ ಇಟ್ಟಿರುವುದು ಇದಕ್ಕೇ. ನನ್ನ ಟ್ವಿನ್‌ನಲ್ಲಿ ಪೂರ್ತಿ ಥ್ರಾಟಲ್ ಹೆಚ್ಚು ಕಮ್ಮಿ ಸರಿಯಾಗಿಯೇ ಇತ್ತು. ಜರ್ಕ್ ಹೋದದ್ದು 5 ಶೇಕಡಾ ಕಾಲಂನಲ್ಲಿ, 3,000ದಿಂದ 4,000 ಆರ್‌ಪಿಎಂ ನಡುವಿನ ಟೇಬಲಿನ ಕೆಲವೇ ಮನೆಗಳನ್ನು (ಸೆಲ್) ತಿದ್ದಿದಾಗ. ಒಮ್ಮೆಗೆ 2-3 ಶೇಕಡಾ ಮಾತ್ರ ಬದಲಿಸಿ, ಮತ್ತೆ ಲಾಗ್ ನೋಡಿ. ಟ್ಯೂನರ್ ಬಳಿ ಹೋದರೆ, ಬರೀ ಫುಲ್ ಥ್ರಾಟಲ್ ರನ್ ತೆಗೆಯುತ್ತಾರೋ, ಪ್ರತಿ ಕಾಲಂನಲ್ಲೂ ಲೋಡ್ ಹಿಡಿದು ನಿಲ್ಲಿಸುತ್ತಾರೋ ಕೇಳಿ. ಮೊದಲನೆಯದಾದರೆ ಬೇರೆಯವರನ್ನು ಹುಡುಕಿ.

ಕ್ಯಾಟ್ ತೆಗೆದ ಬೈಕ್ ರಸ್ತೆಯಲ್ಲಿ ಓಡಿಸುವುದು ಬಹಳ ಕಡೆ ಕಾನೂನಿಗೆ ವಿರುದ್ಧ. ಹಳೆಯ ಪೈಪ್ ಮತ್ತು ಮೂಲ ಮ್ಯಾಪ್ ಎರಡನ್ನೂ ಜೋಪಾನವಾಗಿಡಿ. ಗ್ಯಾಸ್ಕೆಟ್ ನೋಡಿ, ಒಂದು ಲಾಗ್ ಕಳಿಸಿ. ಯಾವ ಮನೆಯಿಂದ ಶುರು ಮಾಡಬೇಕು ಅಂತ ಒಟ್ಟಿಗೆ ಕೂತು ನೋಡೋಣ.